ಚಾವಣಿಯಿಂದ ಶುರುಮಾಡಿ: ಕಸ್ಟಮ್ ಕಾರು ನೋಡುವ ರಸಿಕರಿಗೊಂದು ಕೈಪಿಡಿ

ಕಸ್ಟಮ್ ಕಾರನ್ನು ಮೊದಲ ಸಲ ನೋಡುವವರು ಬಣ್ಣಕ್ಕೆ ಮರುಳಾಗುತ್ತಾರೆ, ಇಲ್ಲವೇ ಬಾನೆಟ್ ಎತ್ತಿಸಿ ಇಂಜಿನ್ ಇಣುಕುತ್ತಾರೆ. ಎರಡನ್ನೂ ಆಮೇಲೆ ನೋಡಿದರಾಯಿತು. ಮೊದಲು ನಾಲ್ಕು ಹೆಜ್ಜೆ ಹಿಂದೆ ಸರಿದು, ಹಿಂಬದಿಯ ಮೂಲೆಯಿಂದ ಓರೆಯಾಗಿ ಚಾವಣಿಯನ್ನು ನೋಡಿ. ಕೆಲಸಗಾರ ಗೆದ್ದನೋ ಸೋತನೋ ಅಲ್ಲೇ ಗೊತ್ತಾಗುತ್ತದೆ.

ಕಣ್ಣು ಪಳಗಿಸಿಕೊಳ್ಳಲು ನೂರು ಕಾರು ಬೇಕಿಲ್ಲ. ಹಿರೋಹಾಟಾ ಮರ್ಕ್ ಒಂದೇ ಸಾಕು. 1952ರಲ್ಲಿ ಬಾಬ್ ಹಿರೋಹಾಟಾ ಎಂಬ ಜಪಾನಿ ಮೂಲದ ಅಮೆರಿಕನ್ ಯುವಕ ತನ್ನ 1951ರ ಮರ್ಕ್ಯುರಿ ಕಾರನ್ನು ಕ್ಯಾಲಿಫೋರ್ನಿಯಾದ ಲಿನ್‌ವುಡ್‌ನಲ್ಲಿದ್ದ ಬ್ಯಾರಿಸ್ ಸಹೋದರರ ಗ್ಯಾರೇಜಿಗೆ ಒಪ್ಪಿಸಿದ. ಅಣ್ಣತಮ್ಮಂದಿರಲ್ಲಿ ಜಾರ್ಜ್ ಮಾತುಗಾರ. ಫೋಟೋ ತೆಗೆದು, ಪತ್ರಿಕೆಗಳಿಗೆ ಬರೆದು ಗ್ಯಾರೇಜಿಗೆ ಹೆಸರು ತಂದವನು. ಸ್ಯಾಮ್‌ನದು ತಗಡಿನ ಕೆಲಸ. ಯುದ್ಧ ಮುಗಿಸಿ ಬಂದ ಹುಡುಗರ ಕೈಯಲ್ಲಿ ಒಂದಿಷ್ಟು ದುಡ್ಡಿತ್ತು, ವೆಲ್ಡಿಂಗ್ ಬಲ್ಲವರು ಊರ ತುಂಬ ಇದ್ದರು. ಕಾರ್ಖಾನೆಯಿಂದ ಸಾವಿರಗಟ್ಟಲೆ ಒಂದೇ ಅಚ್ಚಿನಲ್ಲಿ ಬಂದ ಕಾರನ್ನು ಇನ್ಯಾರ ಹತ್ತಿರವೂ ಇಲ್ಲದ ಕಾರಾಗಿ ಮಾಡಿಕೊಳ್ಳುವ ಹುಚ್ಚು ಲಾಸ್ ಏಂಜಲಿಸ್ ಸುತ್ತ ಹಬ್ಬಿದ ಕಾಲ ಅದು.

ಈಗ ಚಾವಣಿ. ಸ್ಯಾಮ್ ಇದನ್ನು ಮುಂದೆ 4 ಅಂಗುಲ, ಹಿಂದೆ 7 ಅಂಗುಲ ತಗ್ಗಿಸಿದ. ಕೇಳಲು ಸುಲಭ: ಕಂಬಗಳನ್ನು ಗರಗಸದಲ್ಲಿ ಕೊಯ್ದು, ನಡುವಿನ ತುಂಡು ಬಿಸಾಕಿ, ಮತ್ತೆ ಬೆಸುಗೆ ಹಾಕುವುದು. ಆದರೆ ಕಾರಿನ ಕಂಬಗಳು ನೆಟ್ಟಗಿರುವುದಿಲ್ಲ. ಮೇಲಕ್ಕೆ ಹೋದಂತೆ ಒಳಕ್ಕೆ ವಾಲುತ್ತವೆ. ತುಂಡು ತೆಗೆದು ಚಾವಣಿಯನ್ನು ಇಳಿಸಿದರೆ ಮೇಲಿನ ಕಂಬದ ತುದಿ ಕೆಳಗಿನ ಕಂಬದ ತುದಿಗೆ ಕೂರುವುದೇ ಇಲ್ಲ. ರವಿಕೆಯ ಭುಜವನ್ನು ಒಂದಂಗುಲ ಹಿಡಿದರೆ ಕಂಕುಳು, ಬೆನ್ನು, ಕತ್ತು ಎಲ್ಲ ಎಳೆಯುವ ಹಾಗೆ, ಇಲ್ಲೂ ಒಂದನ್ನು ಮುಟ್ಟಿದರೆ ಎಲ್ಲವನ್ನೂ ಮುಟ್ಟಬೇಕು. ಹಿಂದಿನ ಗಾಜನ್ನು ಮಲಗಿಸಬೇಕು, ಚಾವಣಿಯ ಬೆನ್ನು ಡಿಕ್ಕಿಯವರೆಗೆ ಹರಿಯುವಂತೆ ತಗಡು ಬಡಿಯಬೇಕು. ಮುಂದಿಗಿಂತ ಹಿಂದೆ ಹೆಚ್ಚು ಕೊಯ್ದದ್ದಕ್ಕೆ ಇದೇ ಕಾರಣ. ಎರಡೂ ಕಡೆ ಸಮನಾಗಿ ಕೊಯ್ದಿದ್ದರೆ ಹಿಂದೆ ಗೂನು ಉಳಿಯುತ್ತಿತ್ತು. ಕಳಪೆ ಕೆಲಸದ ಕಾರುಗಳಲ್ಲಿ ಆ ಗೂನು ಈಗಲೂ ಕಾಣುತ್ತದೆ, ಒಮ್ಮೆ ಕಂಡರೆ ಮತ್ತೆ ಕಣ್ಣಿಂದ ಹೋಗುವುದಿಲ್ಲ.

ಸ್ಯಾಮ್ ಅಷ್ಟಕ್ಕೇ ನಿಲ್ಲಿಸಲಿಲ್ಲ. ಬಾಗಿಲ ಹಿಂದಿನ ನಡುಗಂಬವನ್ನೇ ತೆಗೆದುಹಾಕಿದ. ಕಿಟಕಿಗಳು ಬಾಗಿದ ಕ್ರೋಮ್ ಚೌಕಟ್ಟಿನಲ್ಲಿ ಒಂದಕ್ಕೊಂದು ಕೂಡಿಕೊಂಡವು. ಈ ಕಾರನ್ನು ಪಕ್ಕದಿಂದ ನೋಡಿದಾಗ ಗಾಜಿನ ಸಾಲು ಒಂದೇ ಉಸಿರಿನಲ್ಲಿ ಎಳೆದ ಗೆರೆಯಂತೆ ಕಾಣುವುದು ಅದರಿಂದ.

ಚಾವಣಿ ನೋಡಿಯಾದ ಮೇಲೆ, ಏನಿಲ್ಲ ಎಂಬುದನ್ನು ಹುಡುಕಿ. ಕಸ್ಟಮ್ ಕಲೆಯಲ್ಲಿ ಅರ್ಧ ಕೆಲಸ ಕಳೆಯುವುದು. ಬಾನೆಟ್ಟಿನ ಮೇಲಿನ ಲಾಂಛನ, ಬಾಗಿಲ ಹಿಡಿಕೆಗಳು, ಕಂಪನಿಯ ಹೆಸರು ಎಲ್ಲವನ್ನೂ ಕಿತ್ತು, ತೂತು ಮುಚ್ಚಿ, ಮೈ ನುಣುಪು ಮಾಡುತ್ತಾರೆ. ಮುಚ್ಚುತ್ತಿದ್ದದ್ದು ಸೀಸದಿಂದ. ಇಂದಿನ ಟಿಂಕರಿಂಗ್ ಶಾಪಿನಲ್ಲಿ ಪುಟ್ಟಿ ಮೆತ್ತಿ ಉಜ್ಜುವ ಕೆಲಸವನ್ನು ಅವರು ಸೀಸ ಮತ್ತು ತವರದ ಮಿಶ್ರಣವನ್ನು ಕರಗಿಸಿ, ಮರದ ಸಟ್ಟುಗದಲ್ಲಿ ತೀಡಿ, ಅರದಿಂದ ಉಜ್ಜಿ ಮಾಡುತ್ತಿದ್ದರು. ಅದರ ಧೂಳು ಮತ್ತು ಹೊಗೆ ಮೈಗೆ ಒಳ್ಳೆಯದಲ್ಲ. ಆದರೆ ಒಳ್ಳೆಯ ಸೀಸದ ಕೆಲಸ ತಗಡಿಗೆ ಅಂಟಿಕೊಂಡರೆ ದಶಕಗಟ್ಟಲೆ ಬಿರುಕು ಬಿಡುವುದಿಲ್ಲ. ಇಂಥ ಕಾರುಗಳಿಗೆ ‘ಲೆಡ್ ಸ್ಲೆಡ್’ ಎಂಬ ಅಡ್ಡಹೆಸರು ಬಿದ್ದದ್ದು ಸುಮ್ಮನೆ ಅಲ್ಲ.

ಮೂರನೆಯದು, ಬೇರೆ ಕಾರುಗಳಿಂದ ತಂದು ಕೂರಿಸಿದ ಭಾಗಗಳು. ನೋಡುವವರಿಗೆ ಇದೊಂದು ಮೋಜಿನ ಆಟ. ಹಿರೋಹಾಟಾ ಮರ್ಕ್‌ನ ಮುಂದಿನ ಗ್ರಿಲ್ ಹುಟ್ಟಿದ್ದು 1951ರ ಫೋರ್ಡ್ ಗ್ರಿಲ್ ತುಂಡುಗಳಿಂದ. ಹಿಂದಿನ ದೀಪ ಲಿಂಕನ್ ಕಾರಿನದು. ಪಕ್ಕದ ಕ್ರೋಮ್ ಪಟ್ಟಿ ಬ್ಯುಯಿಕ್‌ನದು; ನಡುವೆ ಜಾರಿ ಹಿಂದಿನ ಚಕ್ರದ ಮುಂದೆ ಮತ್ತೆ ಏಳುವ ಆ ಪಟ್ಟಿ ಮೇಲಿನ ತಿಳಿ ಹಸಿರಿಗೂ ಕೆಳಗಿನ ಕಡು ಹಸಿರಿಗೂ ಗಡಿ ಹಾಕುತ್ತದೆ. ಹಿಂದಿನ ಮಡ್‌ಗಾರ್ಡಿನ ಗಾಳಿಗಂಡಿಯಲ್ಲಿ ಷೆವ್ರೊಲೆ ಗ್ರಿಲ್ಲಿನ ಹಲ್ಲುಗಳು. ಇಷ್ಟು ಮನೆಗಳಿಂದ ಬಂದದ್ದೆಲ್ಲ ಒಂದೇ ಮನೆಯದೆಂಬಂತೆ ಕೂತಿದೆಯೇ ಎಂಬುದೇ ಪರೀಕ್ಷೆ. ಯಾವುದಾದರೊಂದು ತುಂಡು ‘ನನ್ನನ್ನು ನೋಡಿ’ ಎಂದು ಕೂಗಿದರೆ ಕೆಲಸ ಕೆಟ್ಟಿತು. ಈ ಕಾರಿನಲ್ಲಿ ಗಾಳಿಗಂಡಿಯ ಹಲ್ಲು ಮಾತ್ರ ಒಂದು ಗುಟುಕು ಜಾಸ್ತಿ ಎಂದು ನನಗನಿಸುತ್ತದೆ, ಒಪ್ಪದವರೇ ಹೆಚ್ಚು.

ಒಳಗೆ ಹೆಚ್ಚು ಹೊತ್ತು ನಿಲ್ಲಬೇಕಾಗಿಲ್ಲ. ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್ ಗುಬಟುಗಳನ್ನು ಹಿರೋಹಾಟಾ ತಾನೇ ಮಾಡಿದ. ಡ್ಯಾಶ್‌ಬೋರ್ಡಿನ ಮೇಲಿನ ಕೂದಲೆಳೆಯ ಚಿತ್ತಾರ ವಾನ್ ಡಚ್ ಎಂಬ ಹೆಸರಾಂತ ಕಲಾವಿದನ ಕೈಯದು.

ನವೆಂಬರ್ 1952ರಲ್ಲಿ ಲಾಸ್ ಏಂಜಲಿಸ್‌ನ ಮೋಟೊರಾಮಾ ಪ್ರದರ್ಶನದಲ್ಲಿ ಕಾರು ಹೊರಬಿತ್ತು. ಮರುವರ್ಷ ಹಿರೋಹಾಟಾ ಹಳೆಯ ಇಂಜಿನ್ ತೆಗೆಸಿ ಕ್ಯಾಡಿಲಾಕ್ ವಿ-8 ಹಾಕಿಸಿದ, ಇಂಡಿಯಾನಾದ ಕಡೆಗೆ ಓಡಿಸಿಕೊಂಡು ಹೋದ, ಆ ಪಯಣದ ಬರಹ ಪತ್ರಿಕೆಯಲ್ಲಿ ಬಂತು. 1955ರ ‘ರನ್ನಿಂಗ್ ವೈಲ್ಡ್’ ಚಿತ್ರದಲ್ಲೂ ಕಾರು ಕಾಣಿಸಿಕೊಂಡಿತು. ಅಷ್ಟರಲ್ಲಿ ಫ್ಯಾಷನ್ ಬದಲಾಗಿತ್ತು. 1959ರಲ್ಲಿ ಜಿಮ್ ಮ್ಯಾಕ್‌ನೀಲ್ ಎಂಬ ಹುಡುಗ 500 ಡಾಲರಿಗೆ ಇದನ್ನು ಕೊಂಡಾಗ ಇದು ಬರೀ ಹಳೆಯ ಕಾರು. ಬಣ್ಣವೂ ಬೇರೆಯಾಗಿತ್ತು. ಕೆಲವು ವರ್ಷ ದಿನನಿತ್ಯ ಓಡಿಸಿ, ಆಮೇಲೆ ಷೆಡ್ಡಿನಲ್ಲಿ ನಿಲ್ಲಿಸಿದ. ಮಾರಲಿಲ್ಲ ಎಂಬುದೇ ಅವನು ಮಾಡಿದ ಮೊದಲ ಉಪಕಾರ. ದುರಸ್ತಿ ಶುರುವಾದದ್ದು 1989ರಲ್ಲಿ.

ಇಲ್ಲಿಂದ ರಸಿಕನ ಕೆಲಸ ಕಷ್ಟವಾಗುತ್ತದೆ. ಕಾರ್ಖಾನೆಯ ಕಾರನ್ನು ಮೊದಲಿನಂತೆ ಮಾಡಲು ಹೊರಟವನಿಗೆ ಕೈಪುಸ್ತಕವಿದೆ, ಬಿಡಿಭಾಗದ ಪಟ್ಟಿಯಿದೆ, ಪಕ್ಕದೂರಿನಲ್ಲಿ ಅದೇ ಅಚ್ಚಿನ ಇನ್ನೊಂದು ಕಾರಿದೆ. ಒಂದೇ ಒಂದು ಇರುವ ಕಾರಿಗೆ ಇದ್ಯಾವುದೂ ಇಲ್ಲ. ಸಾಕ್ಷಿ ಹೇಳುವುದು ಮೂರೇ: ಹಳೆಯ ಫೋಟೋಗಳು, ಬದುಕಿ ಉಳಿದ ಕೆಲಸಗಾರರ ನೆನಪು, ಮತ್ತು ಕಾರಿನ ಮೈ. ಫೋಟೋ ಹೆಚ್ಚಾಗಿ ಕಪ್ಪು ಬಿಳುಪು. ಹಸಿರು ಯಾವ ಹಸಿರೆಂದು ಅದು ಹೇಳುವುದಿಲ್ಲ. ನೆನಪು ನಲವತ್ತು ವರ್ಷದಲ್ಲಿ ಬಣ್ಣ ಕಟ್ಟಿಕೊಳ್ಳುತ್ತದೆ. ಮೈ ಮಾತ್ರ ಸುಳ್ಳು ಹೇಳುವುದಿಲ್ಲ: ಮರೆಯ ಜಾಗದಲ್ಲಿ ಮೇಲಿನ ಬಣ್ಣವನ್ನು ಮೆಲ್ಲಗೆ ಉಜ್ಜುತ್ತಾ ಹೋದರೆ ಪದರ ಪದರವಾಗಿ ಹಳೆಯ ಬಣ್ಣಗಳು ಬಿಚ್ಚಿಕೊಳ್ಳುತ್ತವೆ. ಆದ್ದರಿಂದಲೇ ಎಲ್ಲವನ್ನೂ ಒಂದೇ ದಿನ ಆಸಿಡ್ಡಿಗೆ ಅದ್ದಿ ಬೆಳ್ಳಗೆ ಮಾಡುವ ದುರಸ್ತಿಗಾರನನ್ನು ಕಂಡರೆ ನನಗೆ ಹೆದರಿಕೆ. ಅವನು ತುಕ್ಕಿನ ಜೊತೆ ಸಾಕ್ಷಿಯನ್ನೂ ತೊಳೆಯುತ್ತಾನೆ.

ಇನ್ನೊಂದು ಪ್ರಶ್ನೆ ಇನ್ನೂ ತೊಡಕಿನದು. ಯಾವ ದಿನದ ಕಾರಿಗೆ ಮರಳುವುದು? ಲಿನ್‌ವುಡ್ಡಿಗೆ ಬರುವ ಮುಂಚಿನ ಕಾರ್ಖಾನೆಯ ರೂಪಕ್ಕೆ ಮರಳಿದರೆ ಅದು ಕಲೆಯ ಕೊಲೆ, ಅದನ್ನು ಬಿಡಿ. ಆದರೆ 1952ರ ಪ್ರದರ್ಶನದ ರೂಪವೋ, ಕ್ಯಾಡಿಲಾಕ್ ಇಂಜಿನ್ನಿನ 1953ರ ರೂಪವೋ, ಹುಡುಗನೊಬ್ಬ ದಿನಾ ಓಡಿಸಿದ ರೂಪವೋ? ಮ್ಯಾಕ್‌ನೀಲ್ ಹಿರೋಹಾಟಾನ ಕಾಲದ ಹಸಿರನ್ನೂ ಕ್ಯಾಡಿಲಾಕ್ ಇಂಜಿನ್ನನ್ನೂ ಆರಿಸಿಕೊಂಡ. ಅದು ಸರಿ ಎಂದೇ ನನ್ನ ತೀರ್ಮಾನ. ಮಾಡಿಸಿದವನ ಮನಸ್ಸು, ಮಾಡಿದವನ ಕೈ ಎರಡೂ ಒಟ್ಟಿಗಿದ್ದ ಕೊನೆಯ ರೂಪ ಅದು.

ಮುಂದಿನದೆಲ್ಲ ಮೆರವಣಿಗೆ. 2017ರಲ್ಲಿ ಅಮೆರಿಕದ ರಾಷ್ಟ್ರೀಯ ಐತಿಹಾಸಿಕ ವಾಹನಗಳ ಪಟ್ಟಿಗೆ ಸೇರಿತು, ವಾಷಿಂಗ್ಟನ್‌ನ ನ್ಯಾಷನಲ್ ಮಾಲ್‌ನಲ್ಲಿ ಗಾಜಿನ ಪೆಟ್ಟಿಗೆಯೊಳಗೆ ನಿಂತಿತು. ಜನವರಿ 2022ರಲ್ಲಿ, ಮ್ಯಾಕ್‌ನೀಲ್ ತೀರಿಕೊಂಡ ಮೇಲೆ, ಫ್ಲಾರಿಡಾದ ಹರಾಜಿನಲ್ಲಿ ಕೂಗು 19.5 ಲಕ್ಷ ಡಾಲರಿಗೆ ನಿಂತಿತು. ಪತ್ರಿಕೆಗಳು ಈ ಅಂಕಿಯನ್ನೇ ದಪ್ಪಕ್ಷರದಲ್ಲಿ ಹಾಕಿದವು. ರಸಿಕನಿಗೆ ಅದರಿಂದ ಕಲಿಯುವುದೇನೂ ಇಲ್ಲ.

ಕಣ್ಣು ಪಳಗಿಸಲು ಅಮೆರಿಕಕ್ಕೇ ಹೋಗಬೇಕೆಂದಿಲ್ಲ. ಧರ್ಮಸ್ಥಳದ ಮಂಜೂಷಾದಲ್ಲಿ, ಶ್ರೀರಂಗಪಟ್ಟಣದ ಬಳಿಯ ಪಯಣ ಸಂಗ್ರಹಾಲಯದಲ್ಲಿ ಹಳೆಯ ಕಾರುಗಳ ಸಾಲೇ ಇದೆ. ಕಾರ್ಖಾನೆಯಿಂದ ಬಂದ ಚಾವಣಿ ಎಲ್ಲಿ ಏಳುತ್ತದೆ, ಎಲ್ಲಿ ಇಳಿಯುತ್ತದೆ ಎಂಬುದನ್ನು ಅಲ್ಲಿ ಮನಸ್ಸಿಗೆ ತಂದುಕೊಳ್ಳಿ. ಅದು ಗೊತ್ತಿಲ್ಲದವರಿಗೆ ಕೊಯ್ದ ಚಾವಣಿಯ ಸೊಗಸು ಕಾಣುವುದಿಲ್ಲ. ಮುಂದೆ ಯಾವುದಾದರೂ ವಿಂಟೇಜ್ ರ‍್ಯಾಲಿಯಲ್ಲಿ ದುರಸ್ತಿಯಾದ ಕಾರು ಕಂಡರೆ, ಮಾಲೀಕರನ್ನು ಬೆಲೆಯನ್ನೋ ಮೈಲೇಜನ್ನೋ ಕೇಳಬೇಡಿ. ಯಾವ ವರ್ಷದ ರೂಪಕ್ಕೆ ತಂದಿದ್ದೀರಿ, ಹಳೆಯ ಫೋಟೋ ಇದೆಯೇ ಎಂದು ಕೇಳಿ.