ಹವಳದ ಮೇಲಿನ ಬ್ಯಾಕ್ಟೀರಿಯ: ಕಾರಣವೋ, ಲಕ್ಷಣವೋ?

ಜನಪ್ರಿಯ ವಿಜ್ಞಾನ ಬರಹಗಳಲ್ಲಿ ಪದೇ ಪದೇ ಕಾಣುವ ಒಂದು ವಾದವಿದೆ. ರೋಗ ತಗುಲಿದ ಹವಳದಲ್ಲಿ ಒಂದು ಬಗೆಯ ಬ್ಯಾಕ್ಟೀರಿಯ ಹೇರಳವಾಗಿದೆ. ಆರೋಗ್ಯವಂತ ಹವಳದಲ್ಲಿ ಅದು ಕಾಣುವುದಿಲ್ಲ. ಆದ್ದರಿಂದ ರೋಗಕ್ಕೆ ಅದೇ ಕಾರಣ. ಕೇಳಲು ಸರಿಯೆನಿಸಿದರೂ ಈ ತರ್ಕದ ಕೊನೆಯ ಹೆಜ್ಜೆ ಗಟ್ಟಿಯಾದುದಲ್ಲ. ವಾಯುಭಾರಮಾಪಕದ ಪಾದರಸ ಇಳಿದ ಮೇಲೆ ಬಿರುಗಾಳಿ ಬೀಸಬಹುದು. ಆದರೆ ಬಿರುಗಾಳಿಯನ್ನು ತಂದದ್ದು ಪಾದರಸವಲ್ಲ.

ಹವಳವು ಒಂಟಿ ಜೀವಿಯಲ್ಲ. ಅದರ ಅಂಗಾಂಶದೊಳಗೆ ದ್ಯುತಿಸಂಶ್ಲೇಷಣೆ ನಡೆಸುವ ಸೂಕ್ಷ್ಮ ಶೈವಲಗಳಿವೆ. ಮೈಮೇಲಿನ ಲೋಳೆಯಲ್ಲಿ ಬ್ಯಾಕ್ಟೀರಿಯಗಳ ದೊಡ್ಡ ಸಮುದಾಯವೇ ಇದೆ. 2002ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಕೆರಿಬಿಯನ್ ಪ್ರದೇಶದ ಕೇವಲ 3 ಜಾತಿಯ ಹವಳಗಳಲ್ಲಿ 430 ಬಗೆಯ ಬ್ಯಾಕ್ಟೀರಿಯಗಳು ಡಿಎನ್‌ಎ ಪರೀಕ್ಷೆಯಿಂದ ಪತ್ತೆಯಾದವು. ಇಷ್ಟು ದೊಡ್ಡ ಸಂತೆಯಲ್ಲಿ ಒಬ್ಬನನ್ನು ಮಾತ್ರ ಹಿಡಿದು ಅಪರಾಧಿ ಎನ್ನುವುದಕ್ಕೆ ಬಲವಾದ ಪುರಾವೆ ಬೇಕು.

ಮೆಡಿಟರೇನಿಯನ್ ಸಮುದ್ರದ ಆಕ್ಯುಲಿನಾ ಪಟಗೋನಿಕಾ ಹವಳದ ಉದಾಹರಣೆ ನೋಡಿ. ಅದು ಬಿಳಿಚಿಕೊಳ್ಳಲು ವಿಬ್ರಿಯೊ ಬ್ಯಾಕ್ಟೀರಿಯದ ಸೋಂಕು ಕಾರಣವೆಂದು ಕುಷ್ಮಾರೊ, ರೋಸೆನ್‌ಬರ್ಗ್ ಮತ್ತು ಸಂಗಡಿಗರು 1996ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ವರದಿ ಮಾಡಿದರು. ಅವರು ತೊಟ್ಟಿಯಲ್ಲಿ ಸೋಂಕು ಹಚ್ಚಿ ಪ್ರಯೋಗವನ್ನೂ ನಡೆಸಿದ್ದರು. ಕೆಲವು ವರ್ಷಗಳಲ್ಲಿ ಅದೇ ಹವಳ ಆ ಬ್ಯಾಕ್ಟೀರಿಯಕ್ಕೆ ಬಗ್ಗದಾಯಿತು. ಹವಳದ ಬ್ಯಾಕ್ಟೀರಿಯ ಸಮುದಾಯವೇ ಬದಲಾಗಿ ರಕ್ಷಣೆ ಒದಗಿಸಿರಬಹುದೆಂದು ರೋಸೆನ್‌ಬರ್ಗ್ ತಂಡವೇ 2006ರಲ್ಲಿ ಸೂಚಿಸಿತು. ಸಮುದ್ರದಲ್ಲಿ ಬಿಳಿಚುತ್ತಿರುವ ಹವಳಗಳನ್ನೇ ಪರೀಕ್ಷಿಸಿದ ಬೇರೊಂದು ತಂಡ, ಬ್ಯಾಕ್ಟೀರಿಯ ಮೂಲಕಾರಣವಲ್ಲವೆಂದು 2008ರಲ್ಲಿ ವಾದಿಸಿತು.

ಇಲ್ಲಿ ಮೊದಲ ತಂಡವನ್ನು ದೂರಬೇಕಾಗಿಲ್ಲ. ವಿಜ್ಞಾನ ನಡೆಯುವುದೇ ಹೀಗೆ. ಆಕ್ಷೇಪ ಇರುವುದು 1996ರಲ್ಲೇ ನಿಂತುಬಿಡುವ ಬರಹಗಳ ಬಗ್ಗೆ. ತಪ್ಪು ಕಾರಣ ತಪ್ಪು ಪರಿಹಾರಕ್ಕೆ ದಾರಿಯಾಗುತ್ತದೆ. ವ್ಯಾಪಕ ಬಿಳಿಚುವಿಕೆಯ ಮುಖ್ಯ ಕಾರಣ ಕಡಲಿನ ನೀರು ಬಿಸಿಯಾಗುವುದು. ಬ್ಯಾಕ್ಟೀರಿಯವನ್ನು ಕೊಂದರೆ ನೀರು ತಣ್ಣಗಾಗದು. ಮುರ್ಡೇಶ್ವರದಾಚೆಯ ನೇತ್ರಾಣಿ ದ್ವೀಪದ ಹವಳಗಳಿಗೂ ಈ ಮಾತು ಅನ್ವಯಿಸುತ್ತದೆ.

ಹಾಗೆಂದು ಬ್ಯಾಕ್ಟೀರಿಯ ಎಂದೂ ಕಾರಣವಲ್ಲ ಎನ್ನುವುದೂ ಅಷ್ಟೇ ತಪ್ಪು. ಉತ್ತರ ಕರ್ನಾಟಕದ ದಾಳಿಂಬೆ ಬೆಳೆಗಾರರನ್ನು ಕಂಗೆಡಿಸಿದ ದುಂಡಾಣು ಅಂಗಮಾರಿ ರೋಗಕ್ಕೆ ಕ್ಸಾಂತೊಮೊನಾಸ್ ಎಂಬ ಬ್ಯಾಕ್ಟೀರಿಯವೇ ಕಾರಣ. ಅದನ್ನು ಪ್ರತ್ಯೇಕಿಸಿ ಆರೋಗ್ಯವಂತ ಗಿಡಕ್ಕೆ ಸೋಂಕಿಸಿದರೆ ಅದೇ ರೋಗ ಬರುತ್ತದೆ. ಆದ್ದರಿಂದ ಪ್ರತಿ ಸಂದರ್ಭವನ್ನೂ ಬೇರೆಯಾಗಿಯೇ ಪರೀಕ್ಷಿಸಬೇಕು.

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಶಾಲೆಗಳಿಗೆ ಕಡಲು ದೂರ, ಹೊಲ ಹತ್ತಿರ. ಮುಂಗಾರಿನಲ್ಲಿ ಹೆಸರು ಇಲ್ಲವೆ ಶೇಂಗಾ ಗಿಡವನ್ನು ಬೇರುಸಹಿತ ಅಗೆದು ತೊಳೆಯಿರಿ. ಬೇರಿನ ಗಂಟುಗಳಲ್ಲಿ ಗಾಳಿಯ ನೈಟ್ರೊಜನನ್ನು ಗಿಡಕ್ಕೆ ಒದಗಿಸುವ ರೈಜೋಬಿಯಂ ಇರುತ್ತದೆ. ಚುರುಕಾದ ಗಂಟನ್ನು ಸೀಳಿದರೆ ಒಳಗೆ ನಸುಗೆಂಪು ಬಣ್ಣ. ಹಳದಿಯಾದ ಗಿಡದಲ್ಲಿ ಗಂಟು ಕಡಿಮೆಯಿದ್ದರೆ ವಿದ್ಯಾರ್ಥಿಗಳನ್ನು ಕೇಳಿ: ಗಂಟಿಲ್ಲದ್ದರಿಂದ ಗಿಡ ಹಳದಿಯಾಯಿತೆ, ಇಲ್ಲವೆ ನೀರು ನಿಂತದ್ದರಿಂದ ಎರಡೂ ಆದವೆ? ಉಳಿದೆಲ್ಲವನ್ನೂ ಒಂದೇ ರೀತಿ ಇಟ್ಟು, ನೀರನ್ನು ಮಾತ್ರ ಬದಲಿಸಿ ಕೆಲವು ಕುಂಡಗಳಲ್ಲಿ ಬೆಳೆಸಿ ನೋಡಲಿ. ಹವಳದ ಸಂಶೋಧಕರು ಎದುರಿಸಿದ ಪ್ರಶ್ನೆಯೂ ಇದೇ ಬಗೆಯದು.