ರಟ್ಟಿನ ಪೆಟ್ಟಿಗೆಯ ರೋಹಿತಮಾಪಕ

ಬೆಳಕನ್ನು ಬಣ್ಣಗಳಾಗಿ ಬಿಡಿಸಿ ಅಳೆಯುವ ರೋಹಿತಮಾಪಕವನ್ನು ಸ್ವಹಸ್ತದಿಂದ ನಿರ್ಮಿಸಲೆಳಸುವ ಉತ್ಸಾಹಿಗಳು ಮೊದಲು ವಿಚಾರಿಸುವುದು ಕ್ಯಾಮೆರಾವನ್ನು ಕುರಿತು. ಮೊದಲು ಆದರಿಸತಕ್ಕುದಾದರೋ ಬೆಳಕು ಒಳಬರುವ ಸೀಳನ್ನು. ಎರಡು ಕ್ಷೌರದ ಬ್ಲೇಡುಗಳ ಅಂಚುಗಳನ್ನು ಸಮಾಂತರವಾಗಿ, ಕೂದಲೆಳೆಯಷ್ಟು ಎಡೆ ಬಿಟ್ಟು, ಒಳಗೆಲ್ಲ ಹೊಳಪಿಲ್ಲದ ಕಪ್ಪು ಬಳಿದ ರಟ್ಟಿನ ಪೆಟ್ಟಿಗೆಯ ಒಂದು ಮುಖಕ್ಕೆ ಅಂಟಿಸಿದಲ್ಲಿಯೇ ರೋಹಿತದ ಸ್ಪಷ್ಟತೆ ಬಹುಮಟ್ಟಿಗೆ ನಿರ್ಣಯವಾಗಿಬಿಡುತ್ತದೆ.

ಇನ್ನೊಂದು ತುದಿಯಲ್ಲಿ, ಸುಮಾರು 45 ಡಿಗ್ರಿ ಓರೆಯಾಗಿ, ಸಾಧಾರಣ ವೆಬ್‌ಕ್ಯಾಮ್. ಅದರ ಮಸೂರದ ಮುಂದೆ, ಪದರ ಬಿಡಿಸಿ ಲೋಹದ ಲೇಪ ಕಳೆದ ಡಿವಿಡಿಯ ತುಣುಕು. ಫ್ರೌನ್‌ಹೋಫರನೆಂಬ ಜರ್ಮನ್ ಭೌತವಿಜ್ಞಾನಿ 1821ರ ಸುಮಾರಿಗೆ ತಂತಿಗಳನ್ನು ಸಾಲಾಗಿ ಬಿಗಿದು ಬೆಳಕನ್ನು ಹಾಗೆ ಬಿಡಿಸುವ ವಿವರ್ತನ ಜಾಲಕವನ್ನು ರಚಿಸಿಕೊಳ್ಳಬೇಕಾಗಿದ್ದರೆ, ನಮ್ಮ ಗುಜರಿಯ ತಟ್ಟೆಯಲ್ಲಿ ಮಿಲಿಮೀಟರಿಗೆ ಸುಮಾರು 1350 ಗೆರೆಗಳು ಸಿದ್ಧವಾಗಿಯೇ ಇವೆ. 2010ರ ಮೆಕ್ಸಿಕೋ ಕೊಲ್ಲಿಯ ತೈಲ ಸೋರಿಕೆಯ ಕಾಲದಲ್ಲಿ ಉದಿಸಿದ ಪಬ್ಲಿಕ್ ಲ್ಯಾಬ್ ಎಂಬ ನಾಗರಿಕ ಸಮುದಾಯ ಇಂತಹ ವಿನ್ಯಾಸವನ್ನು ಪ್ರಚುರಪಡಿಸಿತು.

ಇಷ್ಟಾದರೂ ಅದು ಕಾಮನಬಿಲ್ಲನ್ನು ತೋರಿಸುವ ಆಟಿಕೆಯೇ ಹೊರತು ಮಾಪಕವಲ್ಲ. ಪಾದರಸದ ಆವಿಯುಳ್ಳ ಸಿಎಫ್‌ಎಲ್ ದೀಪವನ್ನು ಸೀಳಿನೆದುರು ಹಿಡಿದು, 435.8 ನ್ಯಾನೋಮೀಟರಿನ ನೀಲಿ ರೇಖೆಯನ್ನೂ 546.1ರ ಹಸಿರು ರೇಖೆಯನ್ನೂ ಗುರುತಿಸಿಕೊಂಡ ಮೇಲೆಯೇ ಚಿತ್ರದ ಪ್ರತಿಯೊಂದು ಬಿಂದುವಿಗೂ ತರಂಗದೂರದ ಬೆಲೆ ದೊರೆಯುವುದು. ಆದರೆ ಅಳತೆಗೋಲಿಗೆ ಉಪಕರಿಸಿದ ಆ ಬಿಡಿಬಿಡಿ ರೇಖೆಗಳೇ ದ್ರಾವಣ ಯಾವ ಬೆಳಕನ್ನು ಎಷ್ಟು ಹೀರುತ್ತದೆಂಬ ಪರೀಕ್ಷೆಗೆ ದೋಷವೆನಿಸುವುದರಿಂದ, ಅಲ್ಲಿಗೆ ಅಖಂಡ ರೋಹಿತವುಳ್ಳ ಹಳೆಯ ತಂತಿಬಲ್ಬೇ ಯೋಗ್ಯ.

ಇಂತಹ ಪರೀಕ್ಷೆಗೆ ಕೋಲಾರ, ಪಾವಗಡಗಳ ಕೊಳವೆಬಾವಿಗಳನ್ನು ಬಾಧಿಸುವ ಫ್ಲೋರೈಡನ್ನು ನಿದರ್ಶನವಾಗಿ ತೆಗೆದುಕೊಳ್ಳಬಹುದು. ಜಿರ್ಕೋನಿಯಂ ಬೆರೆತ ಎಸ್‌ಪಿಎಡಿಎನ್‌ಎಸ್ ಎಂಬ ಬಣ್ಣದ ದ್ರಾವಣ ಫ್ಲೋರೈಡು ಹೆಚ್ಚಿದಷ್ಟೂ ಮಾಸುತ್ತದೆ. ಆ ಮಾಸುವಿಕೆಯನ್ನು 570 ನ್ಯಾನೋಮೀಟರಿನಲ್ಲಿ ಅಳೆಯುವುದು ಪ್ರಯೋಗಶಾಲೆಗಳ ರೂಢಿ. ಬೆಳಕನ್ನು ತಾನೇ ಏರಿಳಿಸುವ ಕ್ಯಾಮೆರಾದ ಸೌಕರ್ಯವನ್ನು ನಿಲ್ಲಿಸಿ, ಲೀಟರಿಗೆ 0, 0.5, 1.0, 1.5 ಮಿಲಿಗ್ರಾಂ ಫ್ಲೋರೈಡುಳ್ಳ ದ್ರಾವಣಗಳನ್ನು ಮೊದಲು ಈ ಬಣ್ಣ ಬೆರೆಸಿ ಅಳೆದು ವಕ್ರರೇಖೆ ಬರೆದುಕೊಂಡು, ಅದೇ ಗಾಜಿನ ಪಾತ್ರೆಯಲ್ಲಿ ಅದೇ ದೀಪದೆದುರು, ಅದೇ ಬಣ್ಣ ಬೆರೆಸಿದ ಊರಿನ ನೀರನ್ನಿಡಬೇಕು. ಬಣ್ಣದ ದ್ರಾವಣ ಆಮ್ಲಯುಕ್ತವಾದುದರಿಂದ ಕೈಗವಸು, ಕನ್ನಡಕಗಳಿಲ್ಲದೆ ಮುಟ್ಟತಕ್ಕುದಲ್ಲ.

ಭಾರತೀಯ ಮಾನಕ ಕುಡಿಯುವ ನೀರಿಗೆ ವಿಧಿಸಿರುವ ಮಿತಿ ಲೀಟರಿಗೆ 1.0 ಮಿಲಿಗ್ರಾಂ, ಅನ್ಯ ಜಲಮೂಲವಿಲ್ಲದೆಡೆ 1.5. ಇವೆರಡರ ನಡುವಣ ಸೂಕ್ಷ್ಮ ತೀರ್ಪನ್ನು ರಟ್ಟಿನ ಪೆಟ್ಟಿಗೆಯಿಂದ ನಿರೀಕ್ಷಿಸುವುದು ಅವಿವೇಕ. ಆದರೆ ಊರಿನ ಬಾವಿಗಳಲ್ಲಿ ಯಾವುದರ ನೀರನ್ನು ಮೊದಲು ಪ್ರಯೋಗಶಾಲೆಗೆ ಕಳುಹಿಸಬೇಕೆಂಬ ಪ್ರಶ್ನೆಗೆ ಅದು ನಂಬುವಂತಹ ಉತ್ತರ ಕೊಡಬಲ್ಲುದು. ಉಪಕರಣದ ವಿಶ್ವಾಸಾರ್ಹತೆ ಅದರ ಕ್ರಯದಿಂದಲ್ಲ, ತಿಳಿದುದರೊಡನೆ ತಿಳಿಯದುದನ್ನು ತಪ್ಪದೆ ತೂಗಿ ನೋಡುವ ಶಿಸ್ತಿನಿಂದ ಒದಗತಕ್ಕುದು.