ಜೊತೆಗಾತಿಯ ಬಾಯಿ ಕಟ್ಟಿದ ನಿಯಮ

ಸರ್ಕಾರಿ ಆಸ್ಪತ್ರೆಯ ಹೆರಿಗೆ ಕೋಣೆಯ ಬಗ್ಗೆ ಯಾರು ಬರೆದರೂ ‘ಲಕ್ಷ್ಯ’ ಕಾರ್ಯಕ್ರಮವನ್ನು ಒಂದಿಷ್ಟು ಹೊಗಳಿಯೇ ಮುಂದೆ ಹೋಗುತ್ತಾರೆ. ಕೇಂದ್ರ ಆರೋಗ್ಯ ಸಚಿವಾಲಯ 2017ರ ಡಿಸೆಂಬರ್ 11ರಂದು ಆರಂಭಿಸಿದ ಈ ಕಾರ್ಯಕ್ರಮ ಲೇಬರ್ ರೂಮಿಗೂ ಆಪರೇಷನ್ ಥಿಯೇಟರಿಗೂ ಅಂಕ ಹಾಕುತ್ತದೆ: ಶೇ 70 ದಾಟಿದರೆ ಬೆಳ್ಳಿ, 80 ದಾಟಿದರೆ ಚಿನ್ನ, 90 ದಾಟಿದರೆ ಪ್ಲಾಟಿನಂ. ಸೋಂಕು ತಡೆ, ನೋವು ಬರಿಸುವ ಆಕ್ಸಿಟೋಸಿನ್ ಮದ್ದಿನ ಬಳಕೆಯ ಮೇಲೆ ಹಿಡಿತ, ಉಸಿರು ಕಟ್ಟಿದ ಕೂಸಿನ ಆರೈಕೆ ಇವಕ್ಕೆಲ್ಲ ಅದು ಒಂದು ಕ್ರಮ ಹಾಕಿಕೊಟ್ಟಿತು; ಅಷ್ಟಕ್ಕೆ ಹೊಗಳಿಕೆ ನ್ಯಾಯವೇ. ಆದರೆ ಅದು ಹೆರಿಗೆ ಕೋಣೆಗೆ ಗೌರವವನ್ನೂ ತಂದಿತು ಎಂಬ ಮಾತನ್ನು ನಾನು ಒಪ್ಪಲಾರೆ. ಈ ಒಂದು ವಿಷಯದಲ್ಲಿ ಲಕ್ಷ್ಯದ ಕೀರ್ತಿ ಅದರ ಕೆಲಸಕ್ಕಿಂತ ಬಹಳ ದೊಡ್ಡದು.

ಹಿನ್ನೆಲೆಯನ್ನು ವಿವರಿಸಬೇಕಿಲ್ಲ. ಜನನಿ ಸುರಕ್ಷಾ ಹಣ, ಬಾಣಂತಿಯ ಮಡಿಲು ಕಿಟ್, ಬಸುರಿಯ ನೋಂದಣಿಯ ತಾಯಿ ಕಾರ್ಡ್ ಎಲ್ಲರಿಗೂ ಗೊತ್ತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಶೇ 97ರಷ್ಟು ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತದೆ. ಕುರುಡುಮಲೆಯ ಹೆಣ್ಣುಮಗಳಿಗೆ ನೋವು ಬಂದರೆ ಮುಳಬಾಗಿಲಿನ ತಾಲ್ಲೂಕು ಆಸ್ಪತ್ರೆ, ಕಷ್ಟವಾದರೆ ಕೋಲಾರದ ಎಸ್ಎನ್ಆರ್ ಜಿಲ್ಲಾಸ್ಪತ್ರೆ. ಮನೆಯಲ್ಲಿ ಹೆರುವ ದಾರಿ ಮುಚ್ಚಿದೆ; ಮುಚ್ಚಿದ್ದು ಸರಿಯೂ ಹೌದು. ಹಾಗೆ ಮುಚ್ಚಿದ ಸರ್ಕಾರಕ್ಕೆ, ತಾನು ಕರೆದುಕೊಂಡ ಹೆಂಗಸನ್ನು ಒಳಗೆ ಹೇಗೆ ನಡೆಸಿಕೊಳ್ಳುತ್ತೇನೆಂದು ಉತ್ತರಿಸುವ ಹೊಣೆಯೂ ಇದೆ.

ಲಕ್ಷ್ಯದ ಸುಧಾರಣೆ ಎರಡೆರಡು ತಿಂಗಳ ಆರು ಸುತ್ತುಗಳಲ್ಲಿ ನಡೆಯುತ್ತದೆ. ಅವುಗಳಲ್ಲಿ ಒಂದು ಸುತ್ತಿಗೆ ಮೂರು ವಿಷಯಗಳನ್ನು ಒಟ್ಟಿಗೆ ಕೊಟ್ಟಿದ್ದಾರೆ: ಹೆರಿಗೆಯ ಜೊತೆಗಾತಿ, ಗೌರವಯುತ ಆರೈಕೆ, ರೋಗಿಯ ತೃಪ್ತಿ. ಮೂರರಲ್ಲಿ ಕಣ್ಣಿಗೆ ಕಾಣುವುದು ಜೊತೆಗಾತಿ ಒಬ್ಬಳೇ. ಹಾಗಾಗಿ ಗೌರವದ ಭಾರವೆಲ್ಲ ಅವಳ ಮೇಲೆ ಬೀಳುತ್ತದೆ. ನೋವಿನುದ್ದಕ್ಕೂ ಬಸುರಿಯ ಬಳಿ ಇರಲು ಅವಳನ್ನು ಒಳಗೆ ಬಿಡುವ ಕೇಂದ್ರ ಆರೋಗ್ಯ ಸಚಿವಾಲಯದ ನಿಯಮ ಲಕ್ಷ್ಯಕ್ಕಿಂತ ಹಳೆಯದು, 2016ರದು. ವಿಮರ್ಶಕರು ಅದನ್ನು ಸ್ವಾಗತಿಸಿದರು, ಆದರೆ ಷರತ್ತುಗಳನ್ನು ಕೂತು ಓದಿದವರು ಕಡಿಮೆ. ನಾವು ಓದೋಣ.

ಮೊದಲ ಷರತ್ತು: ಜೊತೆಗೆ ಬರುವವಳು ಸಂಬಂಧಿಕಳಾಗಿರಬೇಕು, ತಾನೂ ಹೆರಿಗೆ ನೋವು ಕಂಡವಳಾದರೆ ಮೇಲು. ಚೊಚ್ಚಲ ಹೆರಿಗೆಗೆ ತವರಿಗೆ ಬಂದವಳಿಗೆ ಇದು ತೊಡಕಲ್ಲ, ಅಮ್ಮ ಇದ್ದಾಳೆ. ಅಮ್ಮನಿಲ್ಲದವಳ ಗತಿಯೇನು? ಮದುವೆಯಾಗದ ತಂಗಿ ಎರಡನೇ ಸಾಲಿಗೆ ಸರಿಯುತ್ತಾಳೆ; ಪಕ್ಕದ ಮನೆಯ ಅಕ್ಕ, ಒಂಬತ್ತು ತಿಂಗಳು ಜೊತೆಗೆ ಓಡಾಡಿದ ಆಶಾ ಕಾರ್ಯಕರ್ತೆ ಯಾರೂ ಈ ಅಳತೆಗೆ ಸಿಗುವುದಿಲ್ಲ. ಮಾಲೂರಿನ ಇಟ್ಟಿಗೆ ಗೂಡುಗಳಿಗೆ ದೂರದ ರಾಜ್ಯದಿಂದ ಬಂದವಳ ಹತ್ತಿರ ಇರುವುದು ಗಂಡ ಒಬ್ಬನೇ.

ಅವನಿಗೆ ಇನ್ನೊಂದು ಷರತ್ತು ಕಾದಿದೆ: ಕೋಣೆಯಲ್ಲಿ ಮರೆಯ ವ್ಯವಸ್ಥೆ ಇದ್ದರೆ ಮಾತ್ರ ಗಂಡನನ್ನು ಬಿಡಬಹುದು. ಉಳಿದ ಹೆಂಗಸರ ಮಾನದ ದೃಷ್ಟಿಯಿಂದ ಇದು ನ್ಯಾಯವಾದ ಕಾಳಜಿ. ಆದರೆ ಪರದೆ ಕಟ್ಟಬೇಕಾದದ್ದು ಆಸ್ಪತ್ರೆ. ಕಟ್ಟದಿದ್ದಾಗ ಒಬ್ಬಳೇ ನರಳಬೇಕಾದವಳು ಬಸುರಿ. ತಪ್ಪು ಒಬ್ಬರದು, ಶಿಕ್ಷೆ ಇನ್ನೊಬ್ಬರಿಗೆ.

ನನಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚುವ ಷರತ್ತು ಮತ್ತೊಂದು: ಜೊತೆಗಾತಿ ಸಿಬ್ಬಂದಿಯ ಕೆಲಸದಲ್ಲಿ, ಚಿಕಿತ್ಸೆಯಲ್ಲಿ ತಲೆ ಹಾಕಬಾರದು. ಮೇಲುನೋಟಕ್ಕೆ ಸಹಜ. ವೈದ್ಯರ ಕೈ ಹಿಡಿದು ತಡೆಯುವವರು ಬೇಕೆಂದು ಯಾರೂ ಕೇಳುತ್ತಿಲ್ಲ. ಆದರೆ ಲೇಬರ್ ವಾರ್ಡಿನಲ್ಲಿ ಅವಮಾನವೂ ಚಿಕಿತ್ಸೆಯ ಹೆಸರಿನಲ್ಲೇ ನಡೆಯುತ್ತದೆ ಎಂಬುದನ್ನು ಮರೆಯಬಾರದು. ಕೂಗಬೇಡ ಎಂದು ತೊಡೆಗೆ ಹೊಡೆಯುವುದು, ಬೇಗ ಆಗಲೆಂದು ಹೊಟ್ಟೆ ಅದುಮುವುದು, ಮರಗಟ್ಟಿಸುವ ಮದ್ದು ಕೊಡದೆ ಹೊಲಿಗೆ ಹಾಕುವುದು, ‘ಗಂಡನ ಜೊತೆ ಮಲಗುವಾಗ ಗೊತ್ತಾಗಲಿಲ್ವಾ’ ಎಂಬ ಮಾತು: ಇವುಗಳಲ್ಲಿ ಯಾವುದು ಕೆಲಸ, ಯಾವುದು ದೌರ್ಜನ್ಯ ಎಂದು ಆ ಗಳಿಗೆಯಲ್ಲಿ ತೀರ್ಮಾನಿಸುವವರು ಯಾರು? ನಿಯಮದ ಪ್ರಕಾರ ಸಿಬ್ಬಂದಿಯೇ. ಆ ಕೋಣೆಯಲ್ಲಿ ಬಸುರಿಯ ಪರವಾಗಿ ಇರುವ ಒಂದೇ ಜೀವವನ್ನು ಒಳಗೆ ಕರೆದು, ಮಾತಾಡಬೇಡ ಎಂದು ಹೇಳಿದಂತಾಯಿತು. ಷರತ್ತುಗಳ ಪಟ್ಟಿಯನ್ನು ಮತ್ತೆ ನೋಡಿ: ಬಟ್ಟೆ ಶುಚಿಯಾಗಿರಬೇಕು, ಅಂಟುರೋಗ ಇರಬಾರದು, ಬೇರೆ ಬಸುರಿಯರ ಹತ್ತಿರ ಹೋಗಬಾರದು. ಎಲ್ಲವೂ ಜೊತೆಗಾತಿಯ ಮೇಲೆ. ಯಾರನ್ನು ಕರೆತರಬೇಕೆಂದು ಆರಿಸುವವಳು ಬಸುರಿ ಎಂಬ ಮಾತು ಮಾತ್ರ ಆ ಷರತ್ತುಗಳಲ್ಲಿ ಇಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ 2018ರ ಶಿಫಾರಸು ಆರಂಭವಾಗುವುದೇ ಆ ಮಾತಿನಿಂದ: ಹೆಂಗಸು ತಾನೇ ಆರಿಸಿದ ಜೊತೆಗಾರರು. 2017ರ ಕಾಕ್ರೇನ್ ಪರಿಶೀಲನೆ 17 ದೇಶಗಳ 26 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿತು. ಹೆರಿಗೆಯುದ್ದಕ್ಕೂ ಯಾರಾದರೂ ಬೆಂಬಲಕ್ಕಿದ್ದರೆ ಸಹಜ ಹೆರಿಗೆ ಹೆಚ್ಚುತ್ತದೆ, ಸಿಸೇರಿಯನ್ ಕಡಿಮೆಯಾಗುತ್ತದೆ, ನೋವಿನ ಅವಧಿಯೂ ತಗ್ಗುತ್ತದೆ ಎಂದು ಅದು ಕಂಡುಕೊಂಡಿತು. ಜೊತೆಗಾತಿ ಉಪಚಾರದ ಮಾತಲ್ಲ, ಆರೈಕೆಯ ಒಂದು ಭಾಗ.

ಇಲ್ಲಿ ನನ್ನದೇ ಪಾಳೆಯದ ಇಬ್ಬಗೆಯ ವಿಮರ್ಶಕರೊಂದಿಗೆ ಜಗಳವಿದೆ. ಒಂದು ಬಗೆಯವರು ಎಲ್ಲವನ್ನೂ ಸಿಬ್ಬಂದಿ ಕೊರತೆಯ ಲೆಕ್ಕಕ್ಕೆ ಬರೆಯುತ್ತಾರೆ. ರಾತ್ರಿ ಪಾಳಿಯ ಸಿಸ್ಟರ್ ಪಡುವ ಪಾಡು ನಿಜ. ಅವಳ ಕೆಲಸದ ಸ್ಥಿತಿ ಸುಧಾರಿಸಲೇಬೇಕು. ಆದರೆ ಕೊರತೆಯಿಂದ ತಡವಾಗುತ್ತದೆ, ಬೈಗುಳ ಹುಟ್ಟುವುದಿಲ್ಲ. ಒಂದೇ ಪಾಳಿಯಲ್ಲಿ, ಅದೇ ಸಿಸ್ಟರ್ ಬಾಯಲ್ಲಿ, ಪರಿಚಯದವರ ಮಗಳಿಗೆ ‘ಬನ್ನಿ’, ಕೂಲಿಯವಳಿಗೆ ‘ಬಾರೇ’ ಏಕೆ? ಕೊಪ್ಪಳದಲ್ಲಿ ವರ್ಷಗಟ್ಟಲೆ ಆರೋಗ್ಯ ಸಂಶೋಧನೆ ಮಾಡಿದ ಗೀತಾ ಸೇನ್, ಅದಿತಿ ಅಯ್ಯರ್ ಅವರು ಭವ್ಯಾ ರೆಡ್ಡಿ ಜೊತೆ 2018ರಲ್ಲಿ ಬರೆದ ಲೇಖನ, ದೌರ್ಜನ್ಯವನ್ನು ಎಣಿಸಿದರೆ ಸಾಲದು, ಅದರ ಬೇರನ್ನು ಸಾಮಾಜಿಕ ಅಸಮಾನತೆಯಲ್ಲೂ ಸಂಸ್ಥೆಗಳ ಅಧಿಕಾರದಲ್ಲೂ ಹುಡುಕಬೇಕು ಎನ್ನುತ್ತದೆ. 2022ರ ನವೆಂಬರಿನಲ್ಲಿ ತುಮಕೂರಿನಲ್ಲಿ ಆದದ್ದನ್ನು ನೆನೆಯಿರಿ. ತಾಯಿ ಕಾರ್ಡ್ ಇಲ್ಲವೆಂದು ಜಿಲ್ಲಾಸ್ಪತ್ರೆಯಿಂದ ಹಿಂದೆ ಕಳಿಸಿದ ತಮಿಳು ಮಾತಿನ ಬಡ ಹೆಂಗಸು ಮನೆಯಲ್ಲೇ ಅವಳಿ ಹೆತ್ತು, ಕೂಸುಗಳೊಂದಿಗೆ ತೀರಿಕೊಂಡಳು. ಕಾರ್ಡ್ ಕೇಳುವ ಬಾಯಿಗೆ ಯಾವ ಸಿಬ್ಬಂದಿ ಕೊರತೆಯೂ ನೆಪವಾಗದು.

ಇನ್ನೊಂದು ಬಗೆಯವರು ಸೂಲಗಿತ್ತಿಯರ ಕಾಲವನ್ನು ಗೌರವದ ಸುವರ್ಣಯುಗವೆಂದು ಬಣ್ಣಿಸುತ್ತಾರೆ. 2018ರಲ್ಲಿ ಪದ್ಮಶ್ರೀ ಪಡೆದ ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮನವರ ಕೈಗುಣಕ್ಕೆ ನಾನೂ ಕೈಮುಗಿಯುತ್ತೇನೆ. ಆದರೆ ರಕ್ತಸ್ರಾವಕ್ಕೂ ನಂಜಿಗೂ ಆ ಕಾಲದಲ್ಲಿ ಸತ್ತವರು ಯಾವ ಹೊಗಳಿಕೆಯಲ್ಲೂ ಕಾಣಿಸುವುದಿಲ್ಲ. ಸೂಲಗಿತ್ತಿಯರಿಂದ ಆಸ್ಪತ್ರೆ ಕಲಿಯಬೇಕಾದದ್ದು ಒಂದೇ, ಮತ್ತು ಅದು ಸಾಕಷ್ಟು ದೊಡ್ಡದು: ನೋವು ತಿನ್ನುವವಳನ್ನು ಒಬ್ಬಳೇ ಬಿಡಬಾರದು.

ಲಕ್ಷ್ಯದ ಪರವಾಗಿ ಹೇಳುವವರು ತೃಪ್ತಿಯ ಲೆಕ್ಕ ತೋರಿಸುತ್ತಾರೆ. ಪ್ರೋತ್ಸಾಹಧನ ಸಿಗಬೇಕಾದರೆ ಶೇ 80ರಷ್ಟು ಬಾಣಂತಿಯರು ತೃಪ್ತರಿರಬೇಕು. ಆಸ್ಪತ್ರೆಯ ಮಂಚದ ಮೇಲೆ, ಡಿಸ್ಚಾರ್ಜ್ ಚೀಟಿ ಇನ್ನೂ ಕೈಗೆ ಬಾರದಿರುವಾಗ ಕೇಳಿದರೆ ‘ಚೆನ್ನಾಗಿ ನೋಡ್ಕೊಂಡ್ರಮ್ಮ’ ಎನ್ನದೆ ಅವಳು ಇನ್ನೇನು ಹೇಳಿಯಾಳು? ಕೂಸು ಬದುಕಿತೆಂಬ ಸಮಾಧಾನವನ್ನು ಆರೈಕೆಯ ತೃಪ್ತಿ ಎಂದು ಬರೆದುಕೊಳ್ಳುವುದು ಅನ್ಯಾಯ.

ಆದ್ದರಿಂದ ನಿಯಮವನ್ನು ಹೊಸದಾಗಿ ಬರೆಯಬೇಕು. ಜೊತೆಗೆ ಯಾರಿರಬೇಕೆಂದು ಬಸುರಿಯೇ ಹೇಳಲಿ. ಒಳಗೆ ಬಿಡದಿದ್ದರೆ ಕಾರಣವನ್ನು, ಬಿಡದವರ ಹೆಸರಿನೊಂದಿಗೆ, ಕೇಸ್ ಶೀಟಿನಲ್ಲಿ ಬರೆಯಲಿ. ಹೊಡೆತ ಬೈಗುಳ ಕಂಡರೆ ತಡೆದು ಮಾತಾಡುವುದು ಜೊತೆಗಾತಿಯ ಹಕ್ಕೆಂದು ಗೋಡೆಯ ಮೇಲೆ ಕನ್ನಡದಲ್ಲೂ, ಕೋಲಾರದಂಥ ಗಡಿ ಸೀಮೆಯಲ್ಲಿ ತೆಲುಗಿನಲ್ಲೂ ಹಾಕಲಿ. ಬಾಣಂತನ ಮುಗಿದ ಮೇಲೆ ಆಸ್ಪತ್ರೆಗೆ ಸೇರದವರೊಬ್ಬರು ಮನೆಗೆ ಹೋಗಿ ಕೇಳಲಿ. ಇವಕ್ಕೆ ಕಟ್ಟಡ ಬೇಡ, ಯಂತ್ರ ಬೇಡ. ಅಧಿಕಾರದಲ್ಲಿ ಒಂದು ಪಾಲು ಬಿಟ್ಟುಕೊಡುವ ಮನಸ್ಸು ಬೇಕು. ಆ ಪಾಲು ಬಿಟ್ಟುಕೊಡುವವರೆಗೆ ಯಾವ ಆಸ್ಪತ್ರೆಯ ಚಿನ್ನದ ಪದಕವೂ ಗೌರವಕ್ಕೆ ಸಾಕ್ಷಿಯಲ್ಲ.